ನೆರವು ಯಾರ ಹಂಗು?



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಎಷ್ಟೋ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಚಿಂತೆ ಬರುತ್ತದೆ. ಮುಂದೆ ಯಾವ ಕಾಲೇಜು? ಹುಬ್ಬಳ್ಳಿಗೋ ಧಾರವಾಡಕ್ಕೋ ಕಳಿಸಿದರೆ ಖರ್ಚು ಕೊಡುವವರು ಯಾರು? ಇಂಥ ಮಕ್ಕಳಿಗೆ ಊರು ನೆರವಾಗಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು ಆ ನೆರವನ್ನು ಹೇಗೆ ಕೊಡಬೇಕೆಂಬುದರಲ್ಲಿ.

ನನ್ನದೇ ಅನುಭವ ಹೇಳುತ್ತೇನೆ. ಬಿ.ಎ. ಸೇರುವಾಗ ಒಂದು ಸಭೆಯಲ್ಲಿ ನನ್ನ ಹೆಸರು ಕೂಗಿ, ತಂದೆ ಕೂಲಿಯವರೆಂದು ಸಾರಿ, ಫೀಜಿನ ಹಣ ಕೊಟ್ಟರು. ಕೊಟ್ಟವರಿಗೆ ಇಂದಿಗೂ ದುಆ ಮಾಡುತ್ತೇನೆ. ಆದರೆ ಹಿಂದಿನ ಸಾಲಿನಲ್ಲಿ ಅಬ್ಬಾ ತಲೆ ತಗ್ಗಿಸಿ ಕೂತಿದ್ದನ್ನು ಮರೆಯಲಾಗಿಲ್ಲ. ಮರುವರ್ಷ ತಮ್ಮ ಅರ್ಜಿಯನ್ನೇ ಹಾಕಲಿಲ್ಲ, ಗ್ಯಾರೇಜಿಗೆ ಸೇರಿದ. ನನಗಿಂತ ಜಾಣನಾಗಿದ್ದ.

ಉಪಕಾರವನ್ನು ಎತ್ತಿ ಆಡಿ, ಮನ ನೋಯಿಸಿದರೆ ದಾನವೇ ವ್ಯರ್ಥವಾಗುತ್ತದೆಂದು ಕುರ್‌ಆನ್ (2:264) ಎಚ್ಚರಿಸುತ್ತದೆ. ಬಹಿರಂಗ ದಾನವೂ ಒಳ್ಳೆಯದೇ, ಆದರೆ ಬಡವರಿಗೆ ಗುಟ್ಟಾಗಿ ಕೊಡುವುದು ಇನ್ನೂ ಉತ್ತಮವೆಂದು ಅದೇ ಅಧ್ಯಾಯ (2:271) ತಿಳಿಸುತ್ತದೆ.

"ಗುಟ್ಟಾಗಿ ಕೊಟ್ಟರೆ ಇತರರಿಗೆ ಪ್ರೇರಣೆ ಹೇಗೆ? ಲೆಕ್ಕ ಕೇಳುವವರು ಯಾರು?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಲೆಕ್ಕ ಬಹಿರಂಗವಾಗಲಿ, ಮಗುವಿನ ಹೆಸರು ಮರೆಯಲ್ಲಿರಲಿ. ಎಷ್ಟು ಬಂತು, ಎಷ್ಟು ಮಂದಿಗೆ ಹೋಯಿತು ಎಂಬುದನ್ನು ಮಸೀದಿಯ ಫಲಕದಲ್ಲಿ ಬರೆದರೆ ಸಾಕು.

ಮದೀನಾದ ಮಸೀದಿಯ ಸುಫ್ಫಾದಲ್ಲಿ ಮನೆಮಾರಿಲ್ಲದೆ ಕಲಿಯುತ್ತಿದ್ದ ಸಹಾಬಿಗಳನ್ನು ಪ್ರವಾದಿ(ಸ)ರವರು ಊರವರ ಮನೆಗೆ ಊಟಕ್ಕೆ ಹಂಚಿ ಕಳಿಸುತ್ತಿದ್ದರು. ಅವರನ್ನು ಇಸ್ಲಾಮಿನ ಅತಿಥಿಗಳೆಂದು ಕರೆಯಲಾಗಿದೆ, ಭಿಕ್ಷುಕರೆಂದಲ್ಲ. ನಮ್ಮ ನೆರೆಯಲ್ಲೇ ನೋಡಿರಿ. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳು ಬಹಳ. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್ ಅಮೀನ್ ಸಂಸ್ಥೆಯನ್ನು ಕಟ್ಟಿದರು. ಒಬ್ಬೊಬ್ಬರ ದಯೆಯನ್ನು ನಂಬಿ ಕೂಡದೆ ಒಂದು ಸಮುದಾಯವೇ ಹೊಣೆ ಹೊತ್ತಾಗ ಮಗು ಯಾರ ಹಂಗಿಗೂ ಬೀಳುವುದಿಲ್ಲ.

ಹಣವೊಂದೇ ಸಾಲದು. ಪಿಯುಸಿಯೋ ಐಟಿಐಯೋ ಡಿಪ್ಲೊಮಾವೋ ಎಂದು ತಿಳಿಸಿ ಹೇಳುವವರು ಬೇಕು. ಹೈಸ್ಕೂಲಿನ ಮಾಸ್ತರರು, ಅವರು ಯಾವ ಧರ್ಮದವರೇ ಆಗಿರಲಿ, ಭಾನುವಾರ ಒಂದು ಗಂಟೆ ಕೊಡಬಲ್ಲರು. ಕಾಲೇಜು ಮುಗಿಸಿದ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಬಲ್ಲಳು. ವ್ಯಾಪಾರಿ ಬಸ್ ಪಾಸಿನ ಹಣ ಕೊಡಬಲ್ಲ. ಝಕಾತಿಗೆ ಅರ್ಹರಾದ ಬಡ ವಿದ್ಯಾರ್ಥಿಗಳಿಗೆ ಝಕಾತೂ ತಲುಪಲಿ. ಅದು ನಮ್ಮ ಔದಾರ್ಯವಲ್ಲ, ಅವರ ಹಕ್ಕು.

ಓದಿ ನೌಕರಿ ಹಿಡಿದವರಿಗೆ ಒಂದು ಮಾತು: ನಿಮ್ಮ ಮೇಲಿನ ಸಾಲ ಕೊಟ್ಟವರಿಗೆ ತೀರಿಸುವಂಥದ್ದಲ್ಲ, ಮುಂದೆ ಬರುವವರಿಗೆ ತೀರಿಸುವಂಥದ್ದು.

ಈ ವರ್ಷ ನಿಮ್ಮ ಓಣಿಯಲ್ಲಿ ಅರ್ಜಿ ಹಾಕದೆ ಸುಮ್ಮನಾದ ಮಗು ಯಾವುದೆಂದು ಒಮ್ಮೆ ವಿಚಾರಿಸಿರಿ. ಅದರ ಮನೆಯ ಬಾಗಿಲಿಗೆ ನಾವೇ ಹೋಗೋಣ. ಅಲ್ಲಾಹನು ನಮ್ಮ ಉದ್ದೇಶಗಳನ್ನು ಶುದ್ಧಗೊಳಿಸಲಿ. ಆಮೀನ್.