ಗುಳಿಗಿ ಗುಟ್ಟು

ನಮ್ಮ ರಾಯಬಾಗ, ಚಿಕ್ಕೋಡಿ ಕಡೆ ಯಾರಿಗಾದ್ರೂ ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣದ ಕೀಲಿಕೈ ಕೊಡ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡೀತಾರೆ. ಅದಕ್ಕೂ ಮೊದಲು ಮುಂಬಾಗಿಲು ಮುಚ್ಚುತ್ತಾರೆ. ಕೀಲಿಕೈಯಿಂದ ಏನೂ ಆಗಲ್ಲ ಅಂತ ಈಗ ಬಹಳ ಜನಕ್ಕೆ ಗೊತ್ತು. ಬಾಗಿಲು ಮುಚ್ಚೋದು ಮಾತ್ರ ನಿಂತಿಲ್ಲ.

ನನ್ನ ಸೋದರತ್ತೆಯ ಮಗನಿಗೆ ಹೈಸ್ಕೂಲಿನಿಂದಲೂ ಫಿಟ್ಸ್. ಗುರುತಿನವರು ಸಿಗಬಾರದು ಅಂತಲೇ ಗಡಿ ದಾಟಿ ಮಿರಜದಲ್ಲಿ ತೋರಿಸಿ, ದಿನಾ ಫೆನಿಟಾಯಿನ್ ಗುಳಿಗಿ ತಗೋತಿದ್ದ. ಮದುವೆ ಮಾತುಕತೆಯಲ್ಲಿ ಯಾರೂ ಈ ವಿಷಯ ಎತ್ತಲಿಲ್ಲ. ಮುಂದೆ ಅವನ ಕಿಡ್ನಿ ಕೆಟ್ಟು ಅತ್ತೆಯೇ ತನ್ನದೊಂದನ್ನು ಕೊಟ್ಟಳು. ಕಸಿಗೆ ಮುಂಚೆ, ಬೇರೆ ಊರಿನ ಡಾಕ್ಟರು, "ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?" ಅಂತ ಕೇಳಿದಾಗ ಪಕ್ಕದಲ್ಲಿ ಹೆಣ್ಣು ಕೊಟ್ಟ ಮಾವ ಕೂತಿದ್ದರು. "ಇಲ್ರೀ" ಅಂದ.

ಕಸಿಯಾದವರಿಗೆ ಸಾಮಾನ್ಯವಾಗಿ ಕೊಡೋದು ಟ್ಯಾಕ್ರೊಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧ. ಹೊಸ ಕಿಡ್ನಿಯ ಮೇಲೆ ದೇಹ ದಾಳಿ ಮಾಡದಂತೆ ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದ್ರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಹೆಚ್ಚಾದ್ರೆ ಅದೇ ಕಿಡ್ನಿಗೆ ಪೆಟ್ಟು, ಫಿಟ್ಸ್ ಕೂಡ ಬರಬಹುದು. ಫೆನಿಟಾಯಿನ್ 1938ರಿಂದ ಬಳಕೆಯಲ್ಲಿದೆ. ಅದು ಲಿವರ್‌ನಲ್ಲಿ ಸಿವೈಪಿ3ಎ4 ಅನ್ನೋ ಕಿಣ್ವವನ್ನು ಹೆಚ್ಚಿಸುತ್ತದೆ. ಟ್ಯಾಕ್ರೊಲಿಮಸ್ ಅನ್ನು ಒಡೆಯೋದೂ ಅದೇ ಕಿಣ್ವ. ಕಾರ್ಬಮಜೆಪಿನ್, ಫೆನೊಬಾರ್ಬಿಟಾಲ್ ಕಥೆಯೂ ಇದೇ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಎರಡು ಲೈಬ್ರರಿ, ಎರಡೂ ಟೆಸ್ಟ್ ಪಾಸ್, ಒಂದೇ ಸರ್ವರ್ ಮೇಲೆ ಹಾಕಿದ್ರೆ ಕ್ರ್ಯಾಶ್. ಆದ್ರೆ ಸರ್ವರ್‌ಗೆ ಮಾವ ಇರಲ್ಲ.

ಪ್ರತಿ ಸಲ ರಕ್ತ ಪರೀಕ್ಷೆಯಲ್ಲಿ ಪ್ರಮಾಣ ಕಡಿಮೆ. ಮೂರು ಸಲ ಡೋಸ್ ಏರಿಸಿದರು. "ಗುಳಿಗಿ ತಪ್ಪಸ್ತೀರಿ ನೀವು" ಅಂತ ಬೈದರು. ಅವನೋ ಬೆಳಗ್ಗೆ ಒಂಬತ್ತು, ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟು ತಗೋತಿದ್ದ. ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ಖರೇ ಹೇಳಿದಾಗ ಯಾರೂ ನಂಬಲಿಲ್ಲ.

ಕೊನೆಗೆ ಫೆನಿಟಾಯಿನ್ ಪಟ್ಟಿಯನ್ನು ಡಾಕ್ಟರ್ ಟೇಬಲ್ ಮೇಲೆ ಇಟ್ಟವಳು ಅವನ ಹೆಂಡತಿ. ಮದುವೆಯಾದ ಎರಡನೇ ತಿಂಗಳಲ್ಲೇ ಆಕೆಗೆ ಗೊತ್ತಾಗಿತ್ತಂತೆ, ತವರಿಗೆ ಹೇಳಿರಲಿಲ್ಲ. ನರರೋಗ ತಜ್ಞರು ಬಂದು, ಆ ಕಿಣ್ವದ ತಂಟೆಗೆ ಹೆಚ್ಚು ಹೋಗದ ಲೆವೆಟಿರಾಸಿಟಾಮ್‌ಗೆ ನಿಧಾನವಾಗಿ ಬದಲಾಯಿಸಿದರು. ಫೆನಿಟಾಯಿನ್ ಬಿಟ್ಟ ಮೇಲೂ ಅದರ ಪ್ರಭಾವ ಇಳಿಯಲು ಕೆಲವು ವಾರ ಬೇಕು, ಇಳಿದಂತೆ ಟ್ಯಾಕ್ರೊಲಿಮಸ್ ಏರುತ್ತದೆ. ಹಾಗಾಗಿ ಪದೇಪದೇ ರಕ್ತ ಪರೀಕ್ಷೆ, ಡೋಸ್ ಇಳಿಸೋದು. ಇದನ್ನು ಓದಿ ಯಾರೂ ತಾವಾಗಿಯೇ ಗುಳಿಗಿ ಬಿಡಬೇಡಿ. ಫಿಟ್ಸ್ ಗುಳಿಗಿ ಥಟ್ಟನೆ ನಿಲ್ಲಿಸಿದ್ರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು.

ಅತ್ತೆ ಮಾತ್ರ ಸೊಸೆ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಳು. "ಮನಿ ಮರ್ಯಾದಿ ಮಂದಿ ಮುಂದ ಇಟ್ಲು."

ಆಕೆ ಮಾಡಿದ್ದು ತಪ್ಪಾ? ನನ್ನ ಕಾಯಿಲೆ ನನ್ನ ಖಾಸಗಿ ವಿಷಯ ಅನ್ನೋದನ್ನ ನಾನು ಒಪ್ಪುತ್ತೀನಿ. ಬಾಸ್‌ಗೋ ಮನೆ ಓನರ್‌ಗೋ ಹೇಳಬೇಕಿಲ್ಲ. ತಾಯಿ ಕೊಟ್ಟ ಕಿಡ್ನಿ, ಅದಕ್ಕೇ ಹೇಳಬೇಕಿತ್ತು ಅಂತಾರೆ ಕೆಲವರು. ನನಗೆ ಈ ವಾದ ಹಿಡಿಸಲ್ಲ. ಕೊಟ್ಟ ಮೇಲೆ ಅದು ಅವನದು. ಅಷ್ಟಕ್ಕೂ ಮುಚ್ಚಿಡು ಅಂದಿದ್ದು ಅದೇ ತಾಯಿ. ಗುಟ್ಟು ಅವನದೇ, ನಿಜ. ಆದ್ರೆ ಗುಟ್ಟಿನ ಒಡೆಯನನ್ನೇ ಅದು ಕೊಲ್ಲುತ್ತಿರೋವಾಗ ಅದನ್ನು ಕಾಯೋ ಹೊಣೆ ಹೆಂಡತಿಗಿಲ್ಲ. ಅದೂ ಆಕೆ ಊರಿಗೆ ಸಾರಲಿಲ್ಲ, ಕೇಳಲೇಬೇಕಾದ ಒಬ್ಬರಿಗೆ ಹೇಳಿದಳು.

ಅವನ "ಇಲ್ರೀ"ಯನ್ನೂ ಬರೀ ಸುಳ್ಳು ಅಂತ ಕರೆಯಲು ನನಗೆ ಮನಸ್ಸಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಐದನೇ ಸೆಕ್ಷನ್‌ನಲ್ಲಿ, ಪದೇಪದೇ ಮೂರ್ಛೆ ಬರೋದು ಮದುವೆಗೆ ಅಡ್ಡಿ ಅಂತಲೇ ಇತ್ತು. ಆ ಪದ ತೆಗೆದಿದ್ದು 1999ರಲ್ಲಿ. ಕಾಯ್ದೆಯಿಂದ ಹೋಯ್ತು, ಬಯೋಡೇಟಾ ನೋಡೋರ ತಲೆಯಿಂದ ಹೋಗಿಲ್ಲ. ಮಾವನನ್ನು ಐದು ನಿಮಿಷ ಹೊರಗೆ ಕೂಡಿಸಿ ಕೇಳಿದ್ರೆ ಉತ್ತರ ಬೇರೆ ಇರ್ತಿತ್ತೇನೋ.

ಈಗ ಅವನ ತಂಗಿಗೆ ನಿಪ್ಪಾಣಿ ಕಡೆಯಿಂದ ಸಂಬಂಧ ಬಂದಿದೆ. "ಅಣ್ಣನ ಗುಳಿಗಿ ಮಾತ ಎತ್ತಬ್ಯಾಡ್ರಿ" ಅಂತ ಅತ್ತೆ ಆಗಲೇ ಶುರು ಮಾಡಿದ್ದಾಳೆ. ಈ ಸಲ ನಾನು ಅತ್ತೆಯ ಪಕ್ಷ. ಅಣ್ಣನ ಲಿವರ್‌ನಲ್ಲಿ ಏನು ನಡೀತಿದೆ ಅನ್ನೋದು ವರನ ಕಡೆಯವರಿಗೆ ಯಾಕೆ ಬೇಕು?