ಬೇಲಿಯಾಚೆಯ ಕರ್ಮ

ಅಡಿಕೆ ಮರದ ಬುಡದಲ್ಲಿ ಅಣಬೆ ಮೂಡುವ ಹೊತ್ತಿಗೆ ಆ ಮರದ ಕಥೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಕರ್ನಾಟಕದ ಬೆಳೆಗಾರರು ಅಣಬೆ ರೋಗ ಎನ್ನುವ ಈ ಬೇರುಕೊಳೆತಕ್ಕೆ ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಕಾರಣ. ಅದು ಮಣ್ಣಿನೊಳಗೆ ಬೇರು ತಿನ್ನತೊಡಗಿ ಎಷ್ಟೋ ಕಾಲದ ಮೇಲೆ ಹೊರಸುತ್ತಿನ ಸೋಗೆ ಹಳದಿಯಾಗಿ ಜೋತುಬೀಳುತ್ತದೆ, ಕಾಂಡದ ಬುಡದಿಂದ ಕಂದು ರಸ ಒಸರುತ್ತದೆ. ಅಷ್ಟರಲ್ಲಿ ಪಕ್ಕದ ಮರಕ್ಕೂ ದಾಟಿರಬಹುದು. ಬೇರಿಗೆ ಬೇರು ತಾಗಿದರೆ ಸಾಕು. ಸರ್ವೆ ಕಲ್ಲು ಅದಕ್ಕೆ ಲೆಕ್ಕಕ್ಕಿಲ್ಲ.

ಆಚೆ ತೋಟದ ರೋಗ ಈಚೆ ತೋಟದ ಮರ ಕೊಂದಾಗ ಉಣ್ಣುತ್ತಿರುವುದು ಯಾರ ಕರ್ಮ?

ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಇಲ್ಲಿ ಕುಂಟುತ್ತದೆ. ಶಾಸ್ತ್ರಕಾರರಿಗೂ ಈ ತೊಡಕು ಗೊತ್ತಿತ್ತು. ಮಾಡಿದ್ದರ ಫಲ ಸಿಗದೇ ಹೋದರೆ ಕೃತನಾಶ, ಮಾಡದ್ದರ ಫಲ ತಲೆಗೆ ಬಂದರೆ ಅಕೃತಾಭ್ಯಾಗಮ, ಎರಡೂ ದೋಷವೆಂದರು. ಎರಡನ್ನೂ ತಪ್ಪಿಸಲು ಹಿಂದಿನ ಜನ್ಮದ ಖಾತೆ ತೆರೆಯಬೇಕಾಯಿತು. ತರ್ಕಕ್ಕೆ ಅದು ಸರಿಹೊಂದೀತು. ಆದರೆ ಆ ಖಾತೆ ತೆರೆದೊಡನೆ ಆಚೆ ತೋಟದವರ ಅಸಡ್ಡೆ ಸಲೀಸಾಗಿ ಪಾರಾಗುತ್ತದೆ.

ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ಗ್ರೀಕ್ ಮೂಲದ ದೊರೆ ಮಿಲಿಂದನಿಗೆ ಭಿಕ್ಷು ನಾಗಸೇನ ಕೊಡುವ ದೃಷ್ಟಾಂತವೊಂದು ಕೃಷಿಕರಿಗೆ ಇದಕ್ಕಿಂತ ಹತ್ತಿರದ್ದು. ಚಳಿ ಕಾಯಿಸಲು ಬೆಂಕಿ ಹಾಕಿದವನೊಬ್ಬ ಅದನ್ನು ಆರಿಸದೆ ಎದ್ದುಹೋಗುತ್ತಾನೆ. ಬೆಂಕಿ ಇನ್ನೊಬ್ಬನ ಹೊಲ ಸುಡುತ್ತದೆ. ನಾನು ಹಚ್ಚಿದ ಬೆಂಕಿಯೇ ಬೇರೆ, ಹೊಲ ಸುಟ್ಟ ಬೆಂಕಿಯೇ ಬೇರೆ ಎಂದರೆ ದೊರೆ ಒಪ್ಪುವುದಿಲ್ಲ. ನಾಗಸೇನ ಹೇಳಹೊರಟಿದ್ದು ಪುನರ್ಜನ್ಮದ ವಿಚಾರ, ನಿಜ. ಉದಾಹರಣೆ ಮಾತ್ರ ಹೊಲದಲ್ಲೇ ಉಳಿದುಬಿಟ್ಟಿದೆ.

ಅಡಿಕೆ ತೋಟದಲ್ಲಿ ಆರಿಸದೆ ಬಿಟ್ಟ ಬೆಂಕಿಯೆಂದರೆ ಸತ್ತ ಮರದ ಬೊಡ್ಡೆ. ಕೂಲಿ ದುಬಾರಿಯೆಂದು ಕಾಂಡ ಕಡಿದು ಬೊಡ್ಡೆ ಉಳಿಸಿದರೆ ಶಿಲೀಂಧ್ರ ಅದರಲ್ಲೇ ಸಂಸಾರ ಹೂಡುತ್ತದೆ. ಆದರೂ ಹೋಲಿಕೆಯನ್ನು ಪೂರ್ತಿ ಎಳೆಯಲಾಗದು. ಹೊಲ ತಾನಾಗಿ ಬೆಂಕಿಯತ್ತ ನಡೆದುಹೋಗುವುದಿಲ್ಲ. ಬೇರು ಹೋಗುತ್ತದೆ, ಅದೂ ಆಚೆಯವರು ಹಾಕಿದ ಗೊಬ್ಬರ ಹುಡುಕಿಕೊಂಡು. ಒತ್ತೊತ್ತಾಗಿ ನೆಟ್ಟ, ಬಸಿಗಾಲುವೆ ಮುಚ್ಚಿಹೋದ ತೋಟದಲ್ಲಿ ರೋಗ ಜೋರು. ಅಷ್ಟರಮಟ್ಟಿಗೆ ಈಚೆಯವರ ಪಾಲೂ ಇದೆ.

ಕೃಷಿ ತಜ್ಞರ ಸಲಹೆಯಲ್ಲಿ ಪಾಪಪುಣ್ಯದ ಮಾತಿಲ್ಲ: ಬೊಡ್ಡೆಯನ್ನು ಬೇರುಸಮೇತ ಕಿತ್ತು ಸುಡಿ, ಉಳಿದ ಮರಗಳಿಗೆ ವರ್ಷಕ್ಕೆ ತಲಾ 2 ಕೆ.ಜಿ. ಬೇವಿನ ಹಿಂಡಿ ಕೊಡಿ, ರೋಗದ ಮರದ ಸುತ್ತ 60 ಸೆಂ.ಮೀ. ಆಳ, 30 ಸೆಂ.ಮೀ. ಅಗಲದ ಅಗಳ ತೋಡಿ. ಗಡಿಯಂಚಿನ ಮರವಾದರೆ ಆ ಅಗಳದ ಅರ್ಧ ಆಚೆಯವರ ಜಾಗದಲ್ಲಿ ಬೀಳುತ್ತದೆ. ಗುದ್ದಲಿ ಹಿಡಿಯುವ ಮೊದಲು ಬೇಲಿ ಬಳಿ ನಿಂತು ಅವರನ್ನು ಕೂಗಬೇಕಾಗುತ್ತದೆ.