ಬಂದ್ ಆಯ್ತೋ, ಬಂದ್ ಮಾಡಿದೆನೋ?

ಕುವೈತ್‌ನಲ್ಲಿ ಕೆಲಸದ ವಾರ ಶುರುವಾಗೋದು ಭಾನುವಾರ. ಅವತ್ತು ಬೆಳಗಿನ ಜಾವ 2 ಗಂಟೆಗೆ, ನಾನು ಫಹಾಹೀಲ್‌ನ ಫ್ಲ್ಯಾಟಿನಲ್ಲಿ ನಿದ್ದೆಯಲ್ಲಿರುವಾಗ, ಆಫೀಸಿನ ಸರ್ವರ್‌ನಲ್ಲಿ ನಾನು ಬರೆದ ಒಂದು ಶೆಲ್ ಸ್ಕ್ರಿಪ್ಟ್ ಓಡುತ್ತದೆ. ಶೆಲ್ ಸ್ಕ್ರಿಪ್ಟ್ ಅಂದ್ರೆ ದೊಡ್ಡ ವಿದ್ಯೆಯೇನಲ್ಲ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಚೀಟಿ, ಅಷ್ಟೆ. ಆ ಚೀಟಿಯನ್ನು ಇಂಥ ಹೊತ್ತಿಗೆ ಓದು ಅಂತ ಕ್ರಾನ್‌ಗೆ ಹೇಳಿಟ್ಟರೆ ಅದು ತಪ್ಪದೆ ಓದುತ್ತದೆ.

ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟು: ಕ್ಲೌಡ್‌ನಲ್ಲಿರುವ ಎಲ್ಲ ಖಾತೆಗಳ ಪಟ್ಟಿ ತರಿಸು, ಯಾರು 90 ದಿನಗಳಿಂದ ಲಾಗಿನ್ ಆಗಿಲ್ಲ ನೋಡು, ಅವರ ಖಾತೆ ಬಂದ್ ಮಾಡು, ಮ್ಯಾನೇಜರ್‌ಗೆ ವರದಿ ಕಳಿಸು. ಇದರಲ್ಲಿ ದುರುದ್ದೇಶ ಏನೂ ಇಲ್ಲ. ಯಾರೂ ಬಳಸದ ಖಾತೆ ಅಂದರೆ ಬೀಗ ಹಾಕದ ಹಿತ್ತಲ ಬಾಗಿಲು. ಅಮೆಜಾನ್ ಕ್ಲೌಡ್‌ಗೆ ಸಿಐಎಸ್ ಸಂಸ್ಥೆಯ ಸುರಕ್ಷತಾ ಮಾರ್ಗಸೂಚಿ ಮೊದಲು 90 ದಿನ ಅನ್ನುತ್ತಿತ್ತು, ಆಮೇಲೆ ಅದನ್ನು 45ಕ್ಕೆ ಇಳಿಸಿತು. ಆ ಲೆಕ್ಕದಲ್ಲಿ ನಾನು ಉದಾರಿಯೇ.

ಒಂದು ಭಾನುವಾರ ಆ ಪಟ್ಟಿಯಲ್ಲಿ ನಮ್ಮ ಸೈಟಿನ ಟೈಮ್‌ಕೀಪರ್ ಒಬ್ಬರ ಹೆಸರು ಬಂತು. ಕುಂದಾಪುರದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕೂಲಿಯವರ ಓವರ್‌ಟೈಮ್ ಶೀಟ್ ಕ್ಲೌಡ್‌ಗೆ ಹಾಕೋದು ಅವರ ಕೆಲಸ. ತಂದೆಗೆ ಹುಷಾರಿಲ್ಲ ಅಂತ ರಜೆ ಮಂಜೂರು ಮಾಡಿಸಿಕೊಂಡೇ ಊರಿಗೆ ಹೋಗಿದ್ದರು. ಹೋಗಿ 97 ದಿನ ಆಗಿತ್ತು. ವರದಿಗೆ ನಾನು ಕೊಟ್ಟಿದ್ದ ತಲೆಬರಹ ‘ಇನ್‌ಆ್ಯಕ್ಟಿವ್ ಯೂಸರ್ಸ್’. ಅದನ್ನು ನೋಡಿದ ಮ್ಯಾನೇಜರ್, “ಇವರು ಇನ್ನೂ ನಮ್ಮಲ್ಲಿ ಇದ್ದಾರಾ?” ಅಂತ ಎಚ್‌ಆರ್‌ಗೆ ಕೇಳಿದರು.

ಬೇರೆ ದೇಶದಲ್ಲಿ ಇದು ಸಣ್ಣ ಪ್ರಶ್ನೆ ಇರಬಹುದು. ಇಲ್ಲಿ ಹಾಗಲ್ಲ. ಖಾಸಗಿ ಕಂಪನಿಯ ನೌಕರನ ಇಕಾಮಾ 18ನೇ ಕಲಮಿನದು. ಕೆಲಸ ಹೋದರೆ ವಾಸದ ಅನುಮತಿಯ ಬುಡವೇ ಅಲುಗಾಡುತ್ತದೆ. ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಇಕಾಮಾ ತಾನಾಗಿ ರದ್ದಾಗುವ ನಿಯಮವೂ ಇದೆ. ಕೋವಿಡ್ ಕಾಲದಲ್ಲಿ ಅದನ್ನು ಸಡಿಲಿಸಿ, 2022ರಲ್ಲಿ ಮತ್ತೆ ಜಾರಿಗೆ ತಂದರು. ಅದು ಕಠಿಣ ನಿಯಮ, ನಿಜ. ಆದರೆ ಎಲ್ಲರಿಗೂ ಗೊತ್ತಿರುವ ನಿಯಮ. ಊರಿಗೆ ಹೋದವರು ಕ್ಯಾಲೆಂಡರ್ ಮುಂದೆ ನಿಂತು ದಿನ ಎಣಿಸುತ್ತಾರೆ. ನನ್ನ 90 ದಿನದ ನಿಯಮ ಗೊತ್ತಿದ್ದದ್ದು ನನಗೆ ಮತ್ತು ಸರ್ವರ್‌ಗೆ ಮಾತ್ರ.

ಎಚ್‌ಆರ್‌ನಲ್ಲಿ ರಜೆಯ ಕಾಗದ ಇತ್ತು, ಹಾಗಾಗಿ ಅವರ ಕೆಲಸ ಉಳಿಯಿತು. ಮರಳಿ ಬಂದವರು ಲಾಗಿನ್ ಆಗದೆ ನನಗೆ ಫೋನ್ ಮಾಡಿದರು. “ಸಿಸ್ಟಮ್‌ನಿಂದ ಬಂದ್ ಆಗಿದೆ, ಮಾಡಿಕೊಡ್ತೀನಿ” ಅಂದೆ. ಅದಕ್ಕೆ ಅವರು, “ತಪ್ಪಾಯ್ತು ಸರ್, ನಾನೇ ಮೊದಲು ನಿಮಗೊಂದು ಮಾತು ಹೇಳ್ಬೇಕಿತ್ತು” ಅಂದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಕನ್ನಡ ಕಲಿಯುತ್ತಿರುವ ಕೇಳುಗರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ‘ಬಂದ್ ಮಾಡಿದೆ’ ಅಂದರೆ ಅಲ್ಲಿ ‘ನಾನು’ ಇದ್ದೇನೆ. ‘ಬಂದ್ ಆಯ್ತು’ ಅಂದರೆ ಯಾರೂ ಇಲ್ಲ; ಮಳೆ ಬಂದ ಹಾಗೆ, ಕತ್ತಲಾದ ಹಾಗೆ. ನಾನು ಮಾಡಿದ್ದನ್ನು ‘ಆಗಿದೆ’ ಎಂದೆ. ಅವರು ಮಾಡದೇ ಇದ್ದ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡರು. ಮಾಡಿದ್ದುಣ್ಣೋ ಮಹರಾಯ ಅನ್ನುವ ಗಾದೆ ಇಲ್ಲಿ ತಲೆಕೆಳಗಾಯಿತು: ಮಾಡಿದವನು ನಾನು, ಉಂಡವರು ಅವರು.

ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗೂ ಇಲ್ಲ. ಆ ಸ್ಕ್ರಿಪ್ಟ್ ತೆರೆದು ನೋಡಿದರೆ ನಾನೇ ಬರೆದ ಟಿಪ್ಪಣಿ ಇತ್ತು: ‘ರಜೆಯಲ್ಲಿರೋರನ್ನು ನೋಡಬೇಕು, ಆಮೇಲೆ.’ 2015ರ ಜನವರಿಯಲ್ಲಿ ಇಂಥದ್ದೇ ಒಂದು ದೊಡ್ಡ ಸುದ್ದಿಯಾಗಿತ್ತು. ಸ್ಟೀಮ್ ಎಂಬ ಗೇಮ್ ತಂತ್ರಾಂಶದ ಲಿನಕ್ಸ್ ಆವೃತ್ತಿಯ ಶೆಲ್ ಸ್ಕ್ರಿಪ್ಟ್‌ನಲ್ಲಿ, ಫೋಲ್ಡರಿನ ಹೆಸರು ಇರಬೇಕಾದ ಜಾಗ ಖಾಲಿಯಾದರೆ, ಅಳಿಸುವ ಆಜ್ಞೆ ಬಳಕೆದಾರರ ಎಲ್ಲ ಫೈಲುಗಳ ಮೇಲೂ ನಡೆಯುತ್ತಿತ್ತು. ಆ ಸಾಲಿನ ಪಕ್ಕದಲ್ಲೇ ಬರೆದವರು ‘ಸ್ಕೇರಿ’ ಎಂದು ಟಿಪ್ಪಣಿ ಹಾಕಿದ್ದರು. ಭಯ ಇತ್ತು, ಕಾವಲು ಇರಲಿಲ್ಲ. ನನ್ನ ‘ಆಮೇಲೆ’ಯ ಕಥೆಯೂ ಅದೇ.

ಹಾಗಂತ ಕೈಯಲ್ಲೇ ಮಾಡಿದ್ದರೆ ನ್ಯಾಯವಾಗುತ್ತಿತ್ತಾ? ಇಲ್ಲ. ಸ್ಕ್ರಿಪ್ಟ್ ಬರುವ ಮುಂಚೆ ಎಕ್ಸೆಲ್ ಶೀಟ್ ನೋಡಿ ತೀರ್ಮಾನ ಮಾಡುತ್ತಿದ್ದೆವು. ಆಗ ಪರಿಚಯದವರ ಖಾತೆ ಉಳಿಯುತ್ತಿತ್ತು, ಗುರುತಿಲ್ಲದವರದ್ದು ಹೋಗುತ್ತಿತ್ತು. ಸ್ಕ್ರಿಪ್ಟ್‌ಗೆ ಮುಖದಾಕ್ಷಿಣ್ಯ ಇಲ್ಲ, ಅದು ದೊಡ್ಡ ಗುಣ. ಆದರೆ ಕೈಯಲ್ಲಿ ಮಾಡುವಾಗ ಒಂದು ಹೆಸರಿನ ಮೇಲೆ ಬೆರಳು ನಿಲ್ಲುತ್ತಿತ್ತು. “ಇವರು ಊರಿಗೆ ಹೋಗಿದ್ದಾರಲ್ವಾ?” ಅಂತ ಪಕ್ಕದ ಮೇಜಿನವರು ಹೇಳುತ್ತಿದ್ದರು. ಆ ತಡೆಯನ್ನು ನಾನು ಬರೀ ಸಮಯ ವ್ಯರ್ಥ ಎಂದುಕೊಂಡು ತೆಗೆದುಹಾಕಿದ್ದೆ. ನ್ಯಾಯದ ಒಂದು ಪಾಲು ಅದರೊಳಗೇ ಇತ್ತು.

ಕ್ಲೌಡ್ ಕೊಡುವ ಪಟ್ಟಿ ನನಗಿಂತ ಪ್ರಾಮಾಣಿಕ. ಅಮೆಜಾನ್‌ನ ವರದಿಯಲ್ಲಿ ಲಾಗಿನ್ ದಾಖಲೆಯೇ ಇಲ್ಲದ ಖಾತೆಯ ಮುಂದೆ ‘ನೋ ಇನ್ಫರ್ಮೇಷನ್’ ಎಂದಿರುತ್ತದೆ. ತನಗೆ ಗೊತ್ತಿಲ್ಲ ಎಂದು ಯಂತ್ರ ಒಪ್ಪಿಕೊಳ್ಳುತ್ತದೆ. ಅದನ್ನು ‘ನಿಷ್ಕ್ರಿಯ’ ಎಂದು ಓದಿದವನು ನಾನು. ಕೊನೆಯ ಲಾಗಿನ್ ತಾರೀಕು ಹೇಳೋದು ಪಾಸ್‌ವರ್ಡಿನ ಕಥೆಯನ್ನು, ಮನುಷ್ಯನದ್ದಲ್ಲ. ತಂದೆಯ ಹಾಸಿಗೆ ಪಕ್ಕ ಕೂತ ಮಗನಿಗೆ ಆ ಪಟ್ಟಿಯಲ್ಲಿ ಕಾಲಮ್ ಇಲ್ಲ.

ಸ್ಕ್ರಿಪ್ಟ್ ಈಗಲೂ ಭಾನುವಾರ ಓಡುತ್ತದೆ. ಆದರೆ ಬಂದ್ ಮಾಡುವ ಒಂದು ವಾರ ಮೊದಲು ಆ ವ್ಯಕ್ತಿಗೂ ಅವರ ಮೇಲಿನವರಿಗೂ ಪತ್ರ ಹೋಗುತ್ತದೆ. ರಜೆಯ ಪಟ್ಟಿಯನ್ನು ಮೊದಲು ನೋಡುತ್ತದೆ. ಯಾವ ಖಾತೆಯನ್ನೂ ಅಳಿಸುವುದಿಲ್ಲ. ತಲೆಬರಹ ‘90 ದಿನಗಳಿಂದ ಬಳಸದ ಪಾಸ್‌ವರ್ಡ್‌ಗಳು’ ಎಂದಾಗಿದೆ. ಕೊನೆಯಲ್ಲಿ ‘ಸಿಸ್ಟಮ್’ ಎಂದಿದ್ದ ಕಡೆ ನನ್ನ ಹೆಸರು, ಎಕ್ಸ್‌ಟೆನ್ಷನ್ ನಂಬರ್ ಇದೆ. ಇದರಿಂದ ಭಾನುವಾರ ಬೆಳಗ್ಗೆ ನನಗೆ ನಾಲ್ಕೈದು ಫೋನ್ ಜಾಸ್ತಿ ಬರುತ್ತವೆ. ಬರಲಿ.

ಆ ಟೈಮ್‌ಕೀಪರ್‌ಗೆ ಮಾತ್ರ ನಾನು ತಡವಾಗಿ ಹೇಳಿದೆ. ಸೈಟಿನ ಕ್ಯಾಬಿನ್‌ನಲ್ಲಿ ಚಹಾ ಕುಡಿಯುತ್ತಾ, “ಅಣ್ಣಾ, ಅವತ್ತು ತಪ್ಪಾಗಿದ್ದು ನನ್ನಿಂದ” ಅಂದೆ. ಅವರು ನಕ್ಕು, “ಹೋಗ್ಲಿ ಬಿಡಿ ಸರ್, ಆಗುತ್ತೆ” ಅಂದರು.

ಆಗೋದಿಲ್ಲ ಅಣ್ಣ, ಯಾರೋ ಮಾಡ್ತಾರೆ.